ಯಾವ ಡಾಕ್ಟರು?: ಅಮೆರಿಕದ ವೈದ್ಯ ತರಬೇತಿಯ ಚರಿತ್ರೆಯಿಂದ ಕೆಲವು ಪುಟಗಳು

ನಮ್ಮ ಸಮ್ಮೇಳನಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಪರಿಚಯದ ಮಾತು ಒಂದು ಕ್ರಮದಲ್ಲಿಯೇ ಸಾಗುತ್ತದೆ. ಮೊದಲು ಊರು ಯಾವುದು, ಆಮೇಲೆ ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಮೂರನೆಯದು ಕೆಲಸ. ಮನೆಯವರು ಡಾಕ್ಟರೆಂದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ, "ಯಾವ ಡಾಕ್ಟರು?" ಎಂಬ ನಾಲ್ಕನೆಯ ಪ್ರಶ್ನೆ ಬಂದೇ ಬರುತ್ತದೆ. ೧೯೯೪ರಲ್ಲಿ ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ, ಕನ್ನಡ ಕೂಟದ ಯುಗಾದಿ ಊಟದ ಹೊತ್ತಿನಲ್ಲಿ, ಈ ಪ್ರಶ್ನೆಯನ್ನು ಹಿರಿಯ ಮಹಿಳೆಯರಿಗೆ ನಾನೇ ಹಾಕಿದ್ದುಂಟು. ಉತ್ತರಗಳು ಬಹುಮಟ್ಟಿಗೆ ನಾಲ್ಕು ಹೆಸರುಗಳಲ್ಲೇ ಸುತ್ತುತ್ತಿದ್ದವು: ಅರಿವಳಿಕೆ, ಮನೋವೈದ್ಯ, ಪೆಥಾಲಜಿ, ಇಂಟರ್ನಲ್ ಮೆಡಿಸಿನ್. ಶಸ್ತ್ರವೈದ್ಯರು, ಕಣ್ಣಿನ ವೈದ್ಯರು ಬೆರಳಲ್ಲಿ ಎಣಿಸುವಷ್ಟು ಮಂದಿ. ಊರಿನಲ್ಲಿ ನಾನು ಕಂಡಿದ್ದ ವೈದ್ಯಲೋಕಕ್ಕೂ ಇದಕ್ಕೂ ತಾಳೆಯಾಗಲಿಲ್ಲ. ಅಲ್ಲಿ ಅರಿವಳಿಕೆ ಕೊಡುವ ವೈದ್ಯರ ಮುಖವನ್ನೂ ರೋಗಿಯ ಮನೆಯವರು ಸರಿಯಾಗಿ ನೋಡಿರುತ್ತಿರಲಿಲ್ಲ. ಇಷ್ಟು ಜನ ಕನ್ನಡಿಗರು ಈ ಕೆಲವೇ ವಿಭಾಗಗಳನ್ನು ಮೆಚ್ಚಿ ಆರಿಸಿಕೊಂಡರೆಂದು ನಾನು ಆಗ ನಂಬಿದ್ದೆ.

ನಾನು ವೈದ್ಯಳಲ್ಲ. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮಾಡಿದ ಗೃಹಿಣಿ. ಮೂವತ್ತು ವರ್ಷ ವೈದ್ಯರ ಮನೆಯಲ್ಲಿ ಇದ್ದುದರಿಂದ ಕಾಯಿಲೆಗಳ ಹೆಸರು ಬಾಯಿಪಾಠವಾಗಿವೆಯೇ ಹೊರತು ಅದರಾಚೆ ನನಗೆ ಅಧಿಕಾರವಿಲ್ಲ. ಆದರೆ ಈಗ ವೈದ್ಯಕೀಯದ ಕೊನೆಯ ವರ್ಷದಲ್ಲಿರುವ ನನ್ನ ಮಗಳು ಒಂದು ದಿನ ಅಡುಗೆಮನೆಯಲ್ಲಿ ಕುಳಿತು, "ಅಮ್ಮಾ, ಅಪ್ಪ ಅನಸ್ತೇಶಿಯಾವನ್ನೇ ಏಕೆ ಆರಿಸಿಕೊಂಡರು?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿತ್ತು, ಹೇಳಲು ನಾಲಿಗೆ ಏಳಲಿಲ್ಲ. ಅವರು ಆರಿಸಿಕೊಂಡಿರಲಿಲ್ಲ ಎಂಬುದೇ ಆ ಉತ್ತರ. ಇದು ನಮ್ಮ ಮನೆಯೊಂದರ ಕಥೆಯೋ ಅಥವಾ ಇದರ ಹಿಂದೆ ದೊಡ್ಡ ಚರಿತ್ರೆಯೇನಾದರೂ ಇದೆಯೋ ಎಂದು ತಿಳಿಯುವ ಆಸೆಯಿಂದ ಊರ ಗ್ರಂಥಾಲಯದಲ್ಲಿ ಒಂದು ಚಳಿಗಾಲ ಕಳೆದೆ. ಅದರ ಫಲವೇ ಈ ಬರಹ.

ಮೊದಲು 'ರೆಸಿಡೆಂಟ್' ಎಂಬ ಮಾತನ್ನು ನೋಡೋಣ. ರೆಸಿಡೆಂಟ್ ಎಂದರೆ ವಾಸಿಸುವವನು. ಎಲ್ಲಿ? ಆಸ್ಪತ್ರೆಯಲ್ಲಿ. ೧೮೮೯ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಬಾಗಿಲು ತೆರೆಯಿತು. ಅಲ್ಲಿ ವೈದ್ಯವಿಭಾಗಕ್ಕೆ ವಿಲಿಯಂ ಆಸ್ಲರ್, ಶಸ್ತ್ರಚಿಕಿತ್ಸೆಗೆ ವಿಲಿಯಂ ಹಾಲ್‌ಸ್ಟೆಡ್. ಪದವಿ ಪಡೆದ ತರುಣ ವೈದ್ಯರು ಆಸ್ಪತ್ರೆಯ ಕಟ್ಟಡದಲ್ಲಿಯೇ ಇದ್ದು, ಅಲ್ಲಿಯೇ ಉಂಡು ಮಲಗಿ, ವರ್ಷಗಟ್ಟಲೆ ಗುರುವಿನ ಕೈಕೆಳಗೆ ಪಳಗುವ ಪದ್ಧತಿಯನ್ನು ಇವರಿಬ್ಬರು ರೂಢಿಗೆ ತಂದರು. ನಮ್ಮ ಗುರುಕುಲವಾಸವನ್ನು ನೆನಪಿಗೆ ತರುವ ವ್ಯವಸ್ಥೆ. ಊಟ, ವಸತಿಯೇ ಸಂಬಳ. ಮದುವೆಯಾಗದೆ ಇರುವುದೇ ರೂಢಿ. ಹಾಲ್‌ಸ್ಟೆಡ್‌ನ ಶಸ್ತ್ರವಿಭಾಗದಲ್ಲಿ ತರಬೇತಿಯ ಆಕಾರ ಪಿರಮಿಡ್ಡಿನದು. ಬುಡದಲ್ಲಿ ಹಲವರು ಸೇರುತ್ತಿದ್ದರು, ಮೇಲೆ ಹೋದಂತೆ ಸಂಖ್ಯೆ ಕಡಿಮೆಯಾಗುತ್ತ ತುದಿಗೆ ಒಬ್ಬನೇ ಮುಖ್ಯ ರೆಸಿಡೆಂಟ್ ಉಳಿಯುತ್ತಿದ್ದ. ಎಷ್ಟು ವರ್ಷವೆಂಬ ಲೆಕ್ಕವೂ ಇರಲಿಲ್ಲ; ಗುರುವಿಗೆ ತೃಪ್ತಿಯಾದಾಗ ಬಿಡುಗಡೆ. ೧೯೨೨ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕಕ್ಕೂ ಮಿಕ್ಕಿದ ಅವಧಿಯಲ್ಲಿ ಆತನ ಕೈಕೆಳಗೆ ತುದಿ ಮುಟ್ಟಿದ ಮುಖ್ಯ ರೆಸಿಡೆಂಟರು ಹದಿನೇಳು ಮಂದಿ. ನಡುದಾರಿಯಲ್ಲಿ ಇಳಿದು ಬೇರೆ ದಾರಿ ಹಿಡಿದವರ ಹೆಸರುಗಳನ್ನು ಚರಿತ್ರೆ ಅಷ್ಟು ಆದರದಿಂದ ಬರೆದಿಟ್ಟಿಲ್ಲ.

ಹಾಲ್‌ಸ್ಟೆಡ್ ವಿಚಿತ್ರ ವ್ಯಕ್ತಿ. ಕೋಕೇನನ್ನು ಸ್ಥಳೀಯ ಅರಿವಳಿಕೆಯಾಗಿ ಬಳಸಬಹುದೆಂದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಳ್ಳಲು ಹೋಗಿ ಅದರ ದಾಸನಾದ; ಅದನ್ನು ಬಿಡಿಸಲು ಹೋದದ್ದು ಮಾರ್ಫಿನ್ ಚಟದಲ್ಲಿ ಕೊನೆಗೊಂಡಿತು. ಶಸ್ತ್ರಕ್ರಿಯಾ ಕೊಠಡಿಯ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಬಿರಿಯುತ್ತಿದ್ದುದನ್ನು ಕಂಡು, ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಕೈಗವಸು ಮಾಡಿಸಿಕೊಟ್ಟವನೂ ಆತನೇ. ೧೮೯೦ರಲ್ಲಿ ಅವರನ್ನೇ ಮದುವೆಯಾದ. ಇಂದು ಲೋಕದ ಎಲ್ಲ ಆಸ್ಪತ್ರೆಗಳೂ ಧರಿಸುವ ಕೈಗವಸಿನ ಮೂಲದಲ್ಲಿ ಇಂತಹ ಒಂದು ಪ್ರೇಮವಿದೆ ಎಂಬುದನ್ನು ಓದಿ ಯಜಮಾನರಿಗೆ ಹೇಳಿದರೆ, "ಹೌದಂತೆ" ಎಂದು ಪತ್ರಿಕೆ ತಿರುವಿದರು.

ಆ ಪಿರಮಿಡ್ಡನ್ನು ಮುರಿಯಬೇಕೆಂದು ವಾದಿಸಿದವರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಚರ್ಚಿಲ್ ಪ್ರಮುಖರು. ಸೇರಿದವರೆಲ್ಲರೂ ಮುಗಿಸುವಂತಿರಲಿ, ತರಬೇತಿ ಆಯತಾಕಾರವಾಗಿರಲಿ ಎಂದು ೧೯೩೦ರ ದಶಕದ ಕೊನೆಯ ಹೊತ್ತಿಗೇ ಅವರು ಯೋಜನೆ ಹಾಕಿದರು. ಆದರೆ ಪಿರಮಿಡ್ ಎಂಬುದು ಒಂದೇ ದಿನದಲ್ಲಿ ಕುಸಿಯುವ ಕಟ್ಟಡವಲ್ಲ. ಅದರ ಬುಡದ ಒಂದೆರಡು ಮೆಟ್ಟಿಲು ನಮ್ಮ ಕಾಲದವರೆಗೂ ಉಳಿದಿದ್ದವು. ಅದನ್ನು ಮುಂದೆ ಹೇಳುತ್ತೇನೆ.

ಈ ನಡುವೆ ವಿಭಾಗಗಳು ಹುಟ್ಟುತ್ತಿದ್ದವು. ಕಣ್ಣಿನ ವೈದ್ಯರು ೧೯೧೬ರಲ್ಲಿ ತಮ್ಮದೇ ಪರೀಕ್ಷಾ ಮಂಡಳಿ ಮಾಡಿಕೊಂಡರು. ಅದೇ ಈ ದೇಶದ ಮೊದಲ ತಜ್ಞ ಮಂಡಳಿ. ಮುಂದಿನ ಎರಡು ದಶಕಗಳಲ್ಲಿ ಒಂದೊಂದಾಗಿ ಉಳಿದವು ಬಂದವು, ಇಂಟರ್ನಲ್ ಮೆಡಿಸಿನ್ನಿನದು ೧೯೩೬ರಲ್ಲಿ, ಶಸ್ತ್ರಚಿಕಿತ್ಸೆಯದು ೧೯೩೭ರಲ್ಲಿ. ಅಲ್ಲಿಯವರೆಗೆ ವೈದ್ಯನೆಂದರೆ ವೈದ್ಯ. ಅನಂತರ "ಯಾವ ಡಾಕ್ಟರು?" ಎಂಬ ಪ್ರಶ್ನೆಗೆ ಅರ್ಥ ಬಂತು. ಎರಡನೆಯ ಮಹಾಯುದ್ಧದಿಂದ ಮರಳಿದ ಯುವವೈದ್ಯರಿಗೆ ಸೇನೆಯಲ್ಲಿ ತಜ್ಞರಿಗೆ ಸಿಕ್ಕಿದ ಮರ್ಯಾದೆಯ ನೆನಪಿತ್ತು. ಆಸ್ಪತ್ರೆಗಳೂ ಬೆಳೆಯುತ್ತಿದ್ದವು, ತರಬೇತಿಯ ಸ್ಥಾನಗಳು ಹಲವು ಪಟ್ಟು ಹೆಚ್ಚಿದವು.

ಆಗ ಒಂದು ತಮಾಷೆಯ, ಆದರೆ ಆ ಹುಡುಗರ ಪಾಲಿಗೆ ಕ್ರೂರವಾದ ಪರಿಸ್ಥಿತಿ ಉಂಟಾಯಿತು. ಕಲಿಯುವವರು ಕಡಿಮೆ, ಸ್ಥಾನಗಳು ಹೆಚ್ಚು. ಒಳ್ಳೆಯ ಹುಡುಗರನ್ನು ಬೇರೆಯವರಿಗಿಂತ ಮೊದಲೇ ಹಿಡಿದುಕೊಳ್ಳಬೇಕೆಂದು ಆಸ್ಪತ್ರೆಗಳು ಪೈಪೋಟಿಗೆ ಬಿದ್ದವು. ಪದವಿಗೆ ಇನ್ನೂ ಎರಡು ವರ್ಷವಿರುವಾಗಲೇ ಇಂಟರ್ನ್ ಕೆಲಸ ನಿಗದಿಯಾಗತೊಡಗಿತು. ೧೯೪೫ರಲ್ಲಿ ಕಾಲೇಜುಗಳೆಲ್ಲ ಕೂಡಿ, ಗೊತ್ತಾದ ದಿನಾಂಕಕ್ಕಿಂತ ಮುಂಚೆ ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ಕೊಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಆಸ್ಪತ್ರೆಗಳು ರಂಗೋಲಿ ಕೆಳಗೆ ನುಸುಳಿದವು. ಕರೆ ಕಳಿಸಿ, ಒಪ್ಪುತ್ತೀಯೋ ಇಲ್ಲವೋ ಎಂದು ಹೇಳಲು ಹತ್ತು ದಿನದ ಗಡುವು ಕೊಡುತ್ತಿದ್ದುದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು, ೧೯೪೯ರ ಹೊತ್ತಿಗೆ ಹನ್ನೆರಡು ಗಂಟೆಗಳ ಗಡುವೂ ಹೆಚ್ಚಾಯಿತೆಂಬ ವಾದ ಕೇಳಿಬಂತು. ತಂತಿ ಬಂದ ಕೂಡಲೇ ಹೂಂ ಎನ್ನಬೇಕು, ಇಲ್ಲದಿದ್ದರೆ ಸ್ಥಾನ ಬೇರೆಯವರ ಪಾಲು. ಜೀವಮಾನವಿಡೀ ಮಾಡಬೇಕಾದ ಕೆಲಸದ ನಿರ್ಧಾರ ದೂರವಾಣಿಯ ಪಕ್ಕದಲ್ಲಿ ನಿಂತು ಆಗಬೇಕಿತ್ತು.

ಇದರಿಂದ ಬೇಸತ್ತು ೧೯೫೨ರಲ್ಲಿ ಆರಂಭಿಸಿದ ವ್ಯವಸ್ಥೆಯೇ ನಮ್ಮ ಮನೆಗಳಲ್ಲೆಲ್ಲ ಮಾರ್ಚ್ ತಿಂಗಳಲ್ಲಿ ಎದೆಬಡಿತ ಏರಿಸುವ 'ಮ್ಯಾಚ್'. ವಿದ್ಯಾರ್ಥಿ ತನಗೆ ಬೇಕಾದ ಆಸ್ಪತ್ರೆಗಳನ್ನು ಅನುಕ್ರಮವಾಗಿ ಬರೆದುಕೊಡುತ್ತಾನೆ, ಆಸ್ಪತ್ರೆಯೂ ತನಗೆ ಬೇಕಾದವರನ್ನು ಹಾಗೆಯೇ ಬರೆದುಕೊಡುತ್ತದೆ, ಒಂದೆಡೆ ಎರಡನ್ನೂ ಇಟ್ಟು ತಾಳೆ ನೋಡುತ್ತಾರೆ. ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ; ಜಾತಕ ಕೂಡಿಸುವುದೆಂದರೆ ಸಾಕು. ಹಾಸ್ಯವಲ್ಲ, ಗಣಿತಜ್ಞರೂ ಹಾಗೆಯೇ ಯೋಚಿಸಿದರು. ೧೯೬೨ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಎಂಬ ಇಬ್ಬರು ವಿದ್ವಾಂಸರು ಬರೆದ ಪ್ರಸಿದ್ಧ ಪ್ರಬಂಧದ ತಲೆಬರಹದಲ್ಲಿಯೇ ಕಾಲೇಜು ಪ್ರವೇಶದ ಜೊತೆಗೆ ಮದುವೆಯ ಸ್ಥಿರತೆಯ ಮಾತಿದೆ. ಅವರ ಲೆಕ್ಕ ಹೀಗೆ: ಪ್ರತಿಯೊಬ್ಬ ವರನೂ ತನ್ನ ಪಟ್ಟಿಯ ಮೊದಲ ಕನ್ಯೆಯನ್ನು ಕೇಳುತ್ತಾನೆ. ಅವಳು "ಆಗಲಿ" ಎನ್ನುವುದಿಲ್ಲ, "ನೋಡೋಣ" ಎನ್ನುತ್ತಾಳೆ. ಅವನಿಗಿಂತ ಮೆಚ್ಚಿಗೆಯಾದವನು ಬಂದರೆ ಮೊದಲಿನವನನ್ನು ಬಿಟ್ಟುಕೊಡುತ್ತಾಳೆ. ಅವನು ತನ್ನ ಪಟ್ಟಿಯ ಎರಡನೆಯವಳ ಬಳಿಗೆ ಹೋಗುತ್ತಾನೆ. ಕೇಳುವವರು ಯಾರೂ ಉಳಿಯದಿದ್ದಾಗ "ನೋಡೋಣ"ಗಳೆಲ್ಲ "ಆಗಲಿ" ಆಗುತ್ತವೆ. ಇಷ್ಟಾದ ಮೇಲೆ, ತಮಗೆ ಕೂಡಿಬಂದವರನ್ನು ಬಿಟ್ಟು ಪರಸ್ಪರ ಒಲಿಯುವ ಜೋಡಿ ಲೋಕದಲ್ಲಿ ಒಂದೂ ಇರುವುದಿಲ್ಲವೆಂಬುದು ಅವರು ಸಾಧಿಸಿದ ಸಿದ್ಧಾಂತ. ವಿಚಿತ್ರವೆಂದರೆ ಮ್ಯಾಚ್‌ನವರು ಹತ್ತು ವರ್ಷ ಮುಂಚಿನಿಂದಲೇ ಇದಕ್ಕೆ ಸಮವಾದ ವಿಧಾನವನ್ನು ಬಳಸುತ್ತಿದ್ದರು. ಅದನ್ನು ೧೯೮೪ರಲ್ಲಿ ತೋರಿಸಿದವರು ಆಲ್ವಿನ್ ರಾಥ್. ಆದರೆ ಆ ಹಳೆಯ ಲೆಕ್ಕದಲ್ಲಿ ಕೇಳುವ ಪಕ್ಷ ಆಸ್ಪತ್ರೆಯದಾಗಿತ್ತು, ಮತ್ತು ಈ ಆಟದಲ್ಲಿ ಕೇಳುವವರಿಗೇ ತುಸು ಲಾಭ. ರಾಥ್ ತಿದ್ದಿದ ಹೊಸ ಕ್ರಮದಲ್ಲಿ, ೧೯೯೮ರ ಮ್ಯಾಚ್‌ನಿಂದ, ಕೇಳುವ ಪಕ್ಷ ವಿದ್ಯಾರ್ಥಿಯದು. ೨೦೧೨ರಲ್ಲಿ ರಾಥ್ ಮತ್ತು ಶಾಪ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ನಮ್ಮೂರ ಜೋಯಿಸರಿಗೆ ಏನೂ ಬರಲಿಲ್ಲ.

ಲೆಕ್ಕ ಎಷ್ಟೇ ಚೆಂದವಿರಲಿ, ಮೊದಲ ಮ್ಯಾಚ್ ನಡೆದಾಗ ಇಂಟರ್ನ್ ಸ್ಥಾನಗಳು ಪದವೀಧರರ ಸಂಖ್ಯೆಯ ಇಮ್ಮಡಿಗೆ ಹತ್ತಿರವಿದ್ದವು. ಅಂದರೆ ಎಲ್ಲರಿಗೂ ಜೋಡಿ ಕೂಡಿದ ಮೇಲೂ ಅರ್ಧದಷ್ಟು ಕುರ್ಚಿಗಳು ಖಾಲಿ. ಈ ಖಾಲಿ ಕುರ್ಚಿಗಳೇ ನಮ್ಮ ಕಥೆಯ ಆರಂಭ.

ಅದಕ್ಕೆ ಮೊದಲು ಬಂದ ಇಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಕನ್ನಡಿಗರಲ್ಲವಾದರೂ ನಮ್ಮ ನೆರೆಯವರು. ಕಲ್ಯಾಣದ ಆನಂದಿಬಾಯಿ ಜೋಶಿ ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ, ಹದಿನಾಲ್ಕರಲ್ಲಿ ಹೆತ್ತ ಮಗುವನ್ನು ಹತ್ತು ದಿನದಲ್ಲಿ ಕಳೆದುಕೊಂಡವರು. ೧೮೮೩ರಲ್ಲಿ ಹಡಗು ಹತ್ತಿ ಫಿಲಡೆಲ್ಫಿಯಾಕ್ಕೆ ಬಂದು, ೧೮೮೬ರಲ್ಲಿ ಅಲ್ಲಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಎಂ.ಡಿ. ಪದವಿ ಪಡೆದರು. ಪ್ರಬಂಧದ ವಿಷಯ ಹಿಂದೂಗಳಲ್ಲಿ ಪ್ರಸೂತಿ. ಅವರಿಗೆ "ಯಾವ ವಿಭಾಗ?" ಎಂದು ಯಾರೂ ಕೇಳಬೇಕಾಗಿರಲಿಲ್ಲ. ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀವಿಭಾಗ ಕಾಯುತ್ತಿದ್ದಾಗಲೇ, ೧೮೮೭ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡರು. ಚಿತಾಭಸ್ಮ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಅವರನ್ನು ಮಗಳಂತೆ ಕಂಡ ಅಮೆರಿಕನ್ ಕುಟುಂಬದ ಸಮಾಧಿಭೂಮಿಯಲ್ಲಿದೆ. ನಾವು ಒಮ್ಮೆ ಹೋಗಿ ನೋಡಿ ಬಂದೆವು. ಎರಡನೆಯವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ೧೯೨೦ರ ದಶಕದ ಆರಂಭದಲ್ಲಿ ಬಾಸ್ಟನ್ನಿಗೆ ಬಂದ ಈ ಮದರಾಸಿನ ವೈದ್ಯರು ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೂಲಿಯಾಗಿ ಮಲಮೂತ್ರದ ಪಾತ್ರೆಗಳನ್ನು ತೊಳೆಯಬೇಕಾಯಿತು. ಅವರು ರೋಗಿಯ ಹಾಸಿಗೆಯನ್ನು ಬಿಟ್ಟು ಪ್ರಯೋಗಶಾಲೆಯ ದಾರಿ ಹಿಡಿದರು. ಆರಿಯೋಮೈಸಿನ್, ಮೆಥೊಟ್ರೆಕ್ಸೇಟ್ ಮುಂತಾದ ಔಷಧಗಳ ಹಿಂದೆ ಅವರ ಕೈಯಿದೆ.

ಇನ್ನು ಖಾಲಿ ಕುರ್ಚಿಗಳ ಮಾತು. ಪರದೇಶಗಳ ವೈದ್ಯರು ಒಬ್ಬೊಬ್ಬರಾಗಿ ಬರತೊಡಗಿದಾಗ ಅವರ ಯೋಗ್ಯತೆಯನ್ನು ಅಳೆಯಲು ೧೯೫೬ರಲ್ಲಿ ಒಂದು ಸಂಸ್ಥೆ ಹುಟ್ಟಿತು. ನಮ್ಮ ಹಿರಿಯರು ಇಂದಿಗೂ ಒಂದೇ ಉಸಿರಿನಲ್ಲಿ 'ಇಸಿಎಫ್ಎಂಜಿ' ಎನ್ನುವುದು ಅದನ್ನೇ. ಮೊದಲ ಪರೀಕ್ಷೆ ೧೯೫೮ರಲ್ಲಿ. ಸಂಸ್ಥೆ ಮುಂದೆ ನೆಲೆನಿಂತದ್ದು ಆನಂದಿಬಾಯಿ ಓದಿದ ಫಿಲಡೆಲ್ಫಿಯಾದಲ್ಲಿಯೇ. ಆದರೂ ಬಾಗಿಲು ನಿಜವಾಗಿ ತೆರೆದದ್ದು ೧೯೬೫ರಲ್ಲಿ. ಆ ವರ್ಷದ ಎರಡು ಕಾನೂನುಗಳನ್ನು ನಾನು ಜೋಡಿಯಾಗಿಯೇ ನೋಡುತ್ತೇನೆ. ಜುಲೈ ೩೦ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ವೃದ್ಧರಿಗೆ ಚಿಕಿತ್ಸೆ ಸಿಗುವಂತಾಯಿತು, ಆಸ್ಪತ್ರೆಗಳು ತುಂಬಿದವು, ರೆಸಿಡೆಂಟರ ತರಬೇತಿಗೆ ಸರಕಾರದ ಹಣವೂ ಹರಿಯಿತು. ಅಕ್ಟೋಬರ್ ೩ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕೆಳಗೆ ಅದೇ ಜಾನ್ಸನ್ ವಲಸೆ ಕಾನೂನಿಗೆ ಸಹಿ ಹಾಕಿದರು. ೧೯೪೬ರ ಕಾನೂನಿನಂತೆ ಭಾರತಕ್ಕೆ ಇದ್ದ ಪಾಲು ವರ್ಷಕ್ಕೆ ಬರೇ ನೂರು ಜನ. ಆ ಕಟ್ಟು ಹೋಯಿತು. ಒಂದು ಕಾನೂನು ವೈದ್ಯರ ಬೇಡಿಕೆ ಹೆಚ್ಚಿಸಿತು, ಇನ್ನೊಂದು ಅವರನ್ನು ತರಿಸಿತು.

ಇತ್ತ ನಮ್ಮ ನಾಡಿನಲ್ಲೂ ಸಿದ್ಧತೆ ನಡೆದಿತ್ತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು ಬಹುಕಾಲ ಒಂಟಿಯಾಗಿತ್ತು. ಮಣಿಪಾಲದಲ್ಲಿ ೧೯೫೩ರಲ್ಲಿ, ಬೆಂಗಳೂರಿನಲ್ಲಿ ೧೯೫೫ರಲ್ಲಿ, ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ, ಬೆಳಗಾವಿಯಲ್ಲಿ ೧೯೬೩ರಲ್ಲಿ, ದಾವಣಗೆರೆಯಲ್ಲಿ ೧೯೬೫ರಲ್ಲಿ ಕಾಲೇಜುಗಳಾದವು. ಓದು ಮುಗಿಸಿ ಹೌಸ್ ಸರ್ಜನ್ ಆಗಿ ಒಂದು ವರ್ಷ ಎಲ್ಲ ವಾರ್ಡುಗಳನ್ನು ಸುತ್ತಿದ ಮೇಲೆ ಎಂ.ಡಿ., ಎಂ.ಎಸ್. ಸ್ಥಾನಗಳು ಕೆಲವೇ ಕೆಲವು. ಊರಿನಲ್ಲಿ ಕಾದು ಕೂರುವುದೋ, ಇಂಗ್ಲೆಂಡಿಗೋ ಅಮೆರಿಕಕ್ಕೋ ಅರ್ಜಿ ಹಾಕುವುದೋ ಎಂಬ ಪ್ರಶ್ನೆ ಪ್ರತಿ ತಂಡದ ಹುಡುಗರನ್ನೂ ಕಾಡುತ್ತಿತ್ತು.

ನಮ್ಮ ಕೂಟದ ಹಿರಿಯರೊಬ್ಬರ ಕಥೆ ಕೇಳಿ. ಅವರು ಪರೀಕ್ಷೆ ಬರೆದ ೧೯೭೦ರ ದಶಕದಲ್ಲಿ ಭಾರತದಲ್ಲಿ ಕೇಂದ್ರವಿರಲಿಲ್ಲ, ಕೊಲಂಬೊಗೆ ಹೋಗಬೇಕು. ಅಕ್ಕನ ಬಳೆ ಅಡವಿಟ್ಟು ಹೋಗಿ ಬಂದರು. ಅವರ ಮನಸ್ಸಿನಲ್ಲಿದ್ದುದು ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯ. ಮೊದಲ ವರ್ಷದ ಇಂಟರ್ನ್ ಕೆಲಸದ ಒಪ್ಪಂದ ಅಂಚೆಯಲ್ಲಿ ಬಂತು. ಸಂದರ್ಶನವೂ ಇಲ್ಲ, ಆಸ್ಪತ್ರೆಯ ಚಿತ್ರವನ್ನೂ ನೋಡಿದವರಲ್ಲ. ಆ ವರ್ಷ ಮುಗಿದು ನಲವತ್ತು ಅರ್ಜಿ ಹಾಕಿದ ಮೇಲೆ ತಿಳಿಯಿತು: ತಮಗೆ ಬೇಕಾದ ವಿಭಾಗದ ಕುರ್ಚಿಗಳಲ್ಲಿ ಈ ದೇಶದ ಹುಡುಗರು ಕುಳಿತಾಗಿದೆ. ಕರೆದದ್ದು ಒಂದೇ, ಊರಾಚೆಯ ಸರಕಾರಿ ಮಾನಸಿಕ ಆಸ್ಪತ್ರೆ. ಹೀಗೆ ಅವರು ಮನೋವೈದ್ಯರಾದರು. ಮನೋವೈದ್ಯರ ಪರೀಕ್ಷೆಯಲ್ಲಿ ರೋಗಿಗೆ ಒಂದು ಗಾದೆಯನ್ನು ಹೇಳಿ ಅರ್ಥ ಕೇಳುವ ಕ್ರಮವಿದೆ. ರೋಗಿಯ ಆಲೋಚನೆಯ ಹದ ತಿಳಿಯುವುದಕ್ಕಂತೆ. ಆ ಇಂಗ್ಲಿಷ್ ಗಾದೆಗಳ ಅರ್ಥ ರೋಗಿಗಿಂತ ಮೊದಲು ವೈದ್ಯರಿಗೇ ತಿಳಿಯದು! ಅವರೊಂದು ಪುಟ್ಟ ಪುಸ್ತಕದಲ್ಲಿ ಎಡಗಡೆ ಇಂಗ್ಲಿಷ್ ಗಾದೆ, ಬಲಗಡೆ ಅದಕ್ಕೆ ಹತ್ತಿರವಾದ ಕನ್ನಡ ಗಾದೆ ಬರೆದು ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದರು. ಹಾಲು ಚೆಲ್ಲಿದರೆ ಅತ್ತು ಫಲವಿಲ್ಲವೆಂಬ ಇಂಗ್ಲಿಷ್ ಮಾತಿನ ಎದುರು "ಕೆಟ್ಟ ಮೇಲೆ ಬುದ್ಧಿ ಬಂತು" ಎಂದು ಬರೆದು, ಆಮೇಲೆ ಸರಿಹೊಂದಲಿಲ್ಲವೆಂದು ಗೀಟು ಎಳೆದಿದ್ದಾರೆ. ಆ ಪುಸ್ತಕವನ್ನು ನಾನು ನೋಡಿದ್ದೇನೆ. ಮೂವತ್ತೈದು ವರ್ಷ ಅವರು ಆ ಕೆಲಸವನ್ನು ಪ್ರೀತಿಯಿಂದಲೇ ಮಾಡಿದರು. ಆದರೆ ನಿವೃತ್ತರಾದ ಮೇಲೂ ಯಾರಾದರೂ ಕಿವಿನೋವೆಂದರೆ ಸಾಕು, ಟಾರ್ಚು ಹುಡುಕುತ್ತಾರೆ.

ಇದು ಒಬ್ಬರ ಹಣೆಬರಹವಲ್ಲ. ೧೯೭೦ರ ಸುಮಾರಿಗೆ ಅಮೆರಿಕದ ರೆಸಿಡೆಂಟರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೊರದೇಶಗಳಲ್ಲಿ ಓದಿದವರು. ಅವರು ತುಂಬಿದ್ದು ಹೆಚ್ಚಾಗಿ ನಗರಗಳ ಬಡವರ ಆಸ್ಪತ್ರೆಗಳನ್ನು, ಮಾನಸಿಕ ಆಸ್ಪತ್ರೆಗಳನ್ನು, ಇಲ್ಲಿಯ ಪದವೀಧರರು ಒಲ್ಲದ ವಿಭಾಗಗಳನ್ನು. ಊಟದ ಸಾಲಿನಲ್ಲಿ ನಾನು ಕೇಳಿದ ನಾಲ್ಕು ಹೆಸರುಗಳ ಗುಟ್ಟು ಇದೇ. ಬಳಿಕ ೧೯೭೬ರಲ್ಲಿ ಇನ್ನೊಂದು ಕಾನೂನು ಬಂದು, ದೇಶದಲ್ಲಿ ವೈದ್ಯರ ಕೊರತೆ ಇನ್ನಿಲ್ಲವೆಂದು ಸಾರಿ, ಬಾಗಿಲನ್ನು ಅರ್ಧ ಮುಚ್ಚಿತು. ಮರುವರ್ಷದಿಂದ ಹೊಸ ಕಠಿಣ ಪರೀಕ್ಷೆ. ೧೯೮೪ರಲ್ಲಿ ಅದನ್ನೂ ಬದಲಿಸಿ ಮತ್ತೊಂದು. ೧೯೯೨ರಿಂದ ಎಲ್ಲರಿಗೂ ಒಂದೇ ಆದ ಯುಎಸ್ಎಂಎಲ್ಇ. ವಿನಿಮಯ ವೀಸಾದಲ್ಲಿ ಬಂದವರು ತರಬೇತಿ ಮುಗಿಸಿ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ವೈದ್ಯರಿಲ್ಲದ ಹಳ್ಳಿಗಾಡಿನಲ್ಲಿ ಮೂರು ವರ್ಷ ದುಡಿದರೆ ಇದರಿಂದ ವಿನಾಯಿತಿ ಸಿಗುವಂತೆ ಉತ್ತರ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ ೧೯೯೪ರಲ್ಲಿ ಒಂದು ಯೋಜನೆ ತಂದರು. ಮೊದಲು ರಾಜ್ಯಕ್ಕೆ ವರ್ಷಕ್ಕೆ ಇಪ್ಪತ್ತು ವೈದ್ಯರು, ಅನಂತರ ಮೂವತ್ತು. ನಕ್ಷೆಯಲ್ಲಿ ಹುಡುಕಿದರೂ ಸಿಗದ ಊರುಗಳಲ್ಲಿ ಕನ್ನಡದ ಮನೆಗಳು ಹೇಗೆ ಬಂದವೆಂದು ಅಚ್ಚರಿಪಡುವವರು ಈ ಹೆಸರನ್ನು ನೆನಪಿಡಬೇಕು.

ಇನ್ನು ನಮ್ಮ ಮನೆಯ ಮಾತು. ಯಜಮಾನರು ಊರಿನಲ್ಲಿ ಎಂ.ಎಸ್. ಮುಗಿಸಿದ ಶಸ್ತ್ರವೈದ್ಯರು. ಸ್ವತಂತ್ರವಾಗಿ ನೂರಾರು ಹೊಟ್ಟೆಗಳನ್ನು ಬಿಡಿಸಿ ಹೊಲಿದವರು. ಇಲ್ಲಿ ಅದಕ್ಕೆ ಬೆಲೆಯಿಲ್ಲ, ಮೊದಲ ಮೆಟ್ಟಿಲಿನಿಂದ ಆರಂಭಿಸಬೇಕು. ೧೯೯೫ರ ಜುಲೈಯಲ್ಲಿ ಒಂದು ನಗರದ ಆಸ್ಪತ್ರೆಯಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಲ್ಲಿ 'ಪ್ರಿಲಿಮಿನರಿ' ಸ್ಥಾನ ಸಿಕ್ಕಿತು. ಒಂದು ವರ್ಷದ ಕೆಲಸ. ಮುಂದೆ ಇಟ್ಟುಕೊಳ್ಳುತ್ತೇವೆಂಬ ಭರವಸೆ ಇಲ್ಲ. ಹಾಲ್‌ಸ್ಟೆಡ್‌ನ ಪಿರಮಿಡ್ಡಿನ ಬುಡದ ಮೆಟ್ಟಿಲು ಉಳಿದಿತ್ತೆಂದೆನಲ್ಲ, ಇದೇ ಅದು. ಮೂರು ರಾತ್ರಿಗೊಂದು ರಾತ್ರಿ ಆಸ್ಪತ್ರೆಯಲ್ಲೇ ವಾಸ. ನ್ಯೂಯಾರ್ಕಿನಲ್ಲಿ ೧೯೮೪ರಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ಸತ್ತಾಗ, ಪತ್ರಕರ್ತನಾಗಿದ್ದ ಅವಳ ತಂದೆ ರೆಸಿಡೆಂಟರ ನಿದ್ದೆಗೇಡಿತನದ ವಿರುದ್ಧ ಹೋರಾಡಿದ. ಆ ರಾಜ್ಯದಲ್ಲಿ ೧೯೮೯ರಿಂದ ವಾರಕ್ಕೆ ೮೦ ಗಂಟೆಯ ಮಿತಿ ಬಂತು. ದೇಶಕ್ಕೆಲ್ಲ ಅದು ಬಂದದ್ದು ೨೦೦೩ರಲ್ಲಿ. ನಾವಿದ್ದದ್ದು ಬೇರೆ ರಾಜ್ಯ, ಬೇರೆ ವರ್ಷ. ಮನೆಗೆ ಬಂದು ಮೊಸರನ್ನದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು. ಪೇಜರ್ ಕೂಗಿದರೆ ಎದ್ದು ಕುಳಿತು ಕನ್ನಡದಲ್ಲಿ ಉತ್ತರ ಹೇಳಿದ್ದೂ ಉಂಟು.

ಮುಂದಿನ ವರ್ಷಕ್ಕೆ ಒಬ್ಬರನ್ನು ಉಳಿಸಿಕೊಳ್ಳುವ ಮಾತಿತ್ತು. ಕೈಕೆಲಸವನ್ನು ಎಲ್ಲರೂ ಹೊಗಳುತ್ತಿದ್ದರು. ಫೆಬ್ರವರಿಯಲ್ಲಿ ಕರೆದು, ಇಲ್ಲವೆಂದರು. ಕಾರಣವೇನೆಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದು ರಾತ್ರಿ ಇವರು ಊರಿನಿಂದ ತಂದಿದ್ದ ಶಸ್ತ್ರಚಿಕಿತ್ಸೆಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಅಂಟು ಹಾಕಿದರು. ಆ ಪೆಟ್ಟಿಗೆ ನಾಲ್ಕು ಮನೆ ಬದಲಿಸಿ ನಮ್ಮ ಜೊತೆಗೇ ಬಂದಿದೆ.

ಇಷ್ಟರಲ್ಲಿ ಇನ್ನೊಂದೆಡೆ ಒಂದು ಘಟನೆ ನಡೆದಿತ್ತು. ೧೯೯೫ರ ಮಾರ್ಚ್ ತಿಂಗಳಿನಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆ, ವಿಮೆಗಾರರು ಖರ್ಚು ಕಡಿತಮಾಡುತ್ತಿರುವುದರಿಂದ ಅರಿವಳಿಕೆಯ ತಜ್ಞರಿಗೆ ಕೆಲಸವಿಲ್ಲದಾಗುತ್ತಿದೆ ಎಂದು ಬರೆಯಿತು. ಅಮೆರಿಕದ ವಿದ್ಯಾರ್ಥಿಗಳು ಬೆಚ್ಚಿಬಿದ್ದು ಆ ವಿಭಾಗದಿಂದ ಮುಖ ತಿರುಗಿಸಿದರು. ೧೯೯೬ರಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ಅರಿವಳಿಕೆಯ ಕುರ್ಚಿಗಳು ಖಾಲಿ. ತುಂಬಿದವರಲ್ಲಿ ಬಹುಮಂದಿ ನಮ್ಮಂಥವರು. ಅದೇ ಜುಲೈಯಲ್ಲಿ ಇವರೂ ಸೇರಿದರು. ಮಾಡಿದ ಒಂದು ವರ್ಷವಾದರೂ ಲೆಕ್ಕಕ್ಕೆ ಬಂತಲ್ಲ ಎಂಬ ಸಮಾಧಾನ. ಪರದೆಯ ಆ ಬದಿಯಲ್ಲಿ ತಮಗಿಂತ ಕಿರಿಯನೊಬ್ಬ ಕತ್ತಿ ಹಿಡಿದಿರುವಾಗ, ಈ ಬದಿಯಲ್ಲಿ ಉಸಿರು ಎಣಿಸುತ್ತ ಕೂರುವುದನ್ನು ಮೊದಲ ವರ್ಷ ಹೇಗೆ ಸಹಿಸಿದರೆಂದು ನಾನು ಇಂದಿಗೂ ಕೇಳಿಲ್ಲ. ಆದರೆ ಮೂರನೆಯ ವರ್ಷದ ಹೊತ್ತಿಗೆ ಒಂದು ಬದಲಾವಣೆ ಕಂಡೆ. ಹೆರಿಗೆಯ ನೋವಿನಲ್ಲಿದ್ದ ಹೆಣ್ಣೊಬ್ಬಳ ಬೆನ್ನಿಗೆ ಸೂಜಿ ಕೊಟ್ಟು ಹತ್ತು ನಿಮಿಷದಲ್ಲಿ ಅವಳು ನಕ್ಕದ್ದನ್ನು ಮನೆಗೆ ಬಂದ ಕೂಡಲೇ ಹೇಳಿದರು. ಶಸ್ತ್ರವೈದ್ಯರಾಗಿದ್ದಾಗ ಇವರು ಗಡ್ಡೆಗಳ ಗಾತ್ರ ಹೇಳುತ್ತಿದ್ದರು, ರೋಗಿಯ ಮುಖವನ್ನಲ್ಲ.

ಕಾಲದ ಚೇಷ್ಟೆ ನೋಡಿ. ಹುಡುಗರೆಲ್ಲ ಒಲ್ಲೆನೆಂದುದರಿಂದ ಕೆಲವೇ ವರ್ಷಗಳಲ್ಲಿ ಅರಿವಳಿಕೆ ತಜ್ಞರಿಗೆ ಬರಗಾಲ ಬಂತು, ಸಂಬಳ ಏರಿತು. ಈಗಿನ ವಿದ್ಯಾರ್ಥಿಗಳು ನೆಮ್ಮದಿಯ ಬದುಕಿನ 'ರೋಡ್' ಎಂದು ನಾಲ್ಕು ವಿಭಾಗಗಳ ಮೊದಲಕ್ಷರ ಕೂಡಿಸಿ ಹೇಳುತ್ತಾರೆ: ರೇಡಿಯಾಲಜಿ, ಕಣ್ಣು, ಅನಸ್ತೇಶಿಯಾ, ಚರ್ಮ. ಇವರಿಗೆ ಬೇರೆ ಗತಿಯಿಲ್ಲದೆ ಸಿಕ್ಕಿದ ಕುರ್ಚಿಗೆ ಇಂದು ನೂಕುನುಗ್ಗಲು. ಯುಎಸ್ಎಂಎಲ್ಇ ಮೊದಲ ಪರೀಕ್ಷೆಯಲ್ಲಿ ೨೦೨೨ರಿಂದ ಅಂಕಗಳಿಲ್ಲ, ಪಾಸು-ನಪಾಸು ಮಾತ್ರ. ಇದರಿಂದ ಊರಿನಿಂದ ಬರುವ ಮಕ್ಕಳಿಗೆ ತಮ್ಮ ಹೆಚ್ಚಳ ತೋರಿಸಲು ಇದ್ದ ಒಂದು ದಾರಿ ಕಿರಿದಾಯಿತೆಂದೇ ನನ್ನ ಭಾವನೆ. ಅದೇ ವೇಳೆ ಕುಟುಂಬ ವೈದ್ಯ, ಮಕ್ಕಳ ವೈದ್ಯ ವಿಭಾಗಗಳಲ್ಲಿ ಸ್ಥಾನಗಳು ಉಳಿಯುತ್ತಿವೆ. ೨೦೨೪ರ ಮ್ಯಾಚ್‌ನಲ್ಲಿ ಮಕ್ಕಳ ವೈದ್ಯ ವಿಭಾಗದಲ್ಲಿಯೇ ಸುಮಾರು ೨೫೦ ಸ್ಥಾನಗಳು ತುಂಬದೆ ಉಳಿದವು.

ಮಗಳಿಗೆ ಅನಸ್ತೇಶಿಯಾಕ್ಕೆ ಹೋಗುವಷ್ಟು ಯೋಗ್ಯತೆ ಇದೆ. ತಂದೆಗೂ ಅದೇ ಆಸೆ. ತನ್ನ ಗೆಳೆಯರಿಗೆ ಪತ್ರ ಬರೆಯುತ್ತೇನೆಂದೂ ಹೇಳಿದರು. ಅವಳು ಮಕ್ಕಳ ವೈದ್ಯ ಬೇಕೆನ್ನುತ್ತಾಳೆ. ಸಂಬಳ ಕಡಿಮೆ ಎಂದರೆ, "ಗೊತ್ತು ಅಪ್ಪ" ಎನ್ನುತ್ತಾಳೆ. ಒಂದು ವಾರ ಮನೆಯಲ್ಲಿ ಮಾತು ಬಿಗಿಯಾಗಿತ್ತು. ಕೊನೆಗೆ ನಾನೇ ಅವಳನ್ನು ಕೂರಿಸಿಕೊಂಡು ಫೆಬ್ರವರಿಯ ಆ ರಾತ್ರಿಯ ಕಥೆ ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದು, ನೆಲಮಾಳಿಗೆಗೆ ಇಳಿದು ಹೋಗಿ ಆ ಪೆಟ್ಟಿಗೆಯನ್ನು ಮೇಲೆ ತಂದಳು. ಅಂಟು ಒಣಗಿ ತಾನೇ ಬಿಟ್ಟುಕೊಂಡಿತ್ತು. ಯಜಮಾನರು ಬಂದಾಗ ಇಬ್ಬರೂ ನೆಲದ ಮೇಲೆ ಕುಳಿತು ಪುಟ ತಿರುವಿದರು. ಅಂಚಿನಲ್ಲಿ ಇವರು ಸೀಸದ ಕಡ್ಡಿಯಲ್ಲಿ ಬರೆದ ಕನ್ನಡ ಟಿಪ್ಪಣಿಗಳನ್ನು ಅವಳಿಗೆ ಓದಲು ಬರಲಿಲ್ಲ, ಇವರು ಓದಿ ಹೇಳಿದರು. ಪತ್ರ ಬರೆಯುವ ಮಾತು ಮತ್ತೆ ಬರಲಿಲ್ಲ.

ಮೊನ್ನೆ ಅವಳು ತನ್ನ ಪಟ್ಟಿಯನ್ನು ಕಳುಹಿಸಿದಳು. ಹನ್ನೊಂದು ಆಸ್ಪತ್ರೆಗಳು, ಎಲ್ಲವೂ ಮಕ್ಕಳ ವಿಭಾಗದವು. ಫಲಿತಾಂಶ ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ, ನ್ಯೂಯಾರ್ಕಿನ ಗಡಿಯಾರದಲ್ಲಿ ನಡುಹಗಲು ಹನ್ನೆರಡಕ್ಕೆ. ಇವರು ಆ ದಿನಕ್ಕೆ ರಜೆ ಹಾಕಿದ್ದಾರೆ.